ವೆಂಡೆಲ್ ಎತ್ತಿದ ಹಳದಿ ಕಾರ್ಡು

ನಮ್ಮ ಮನೆಯಲ್ಲಿ ಜಗಳ ಅಂದರೆ ಊಟದ ಹೊತ್ತಿಗೇ ಆಗಬೇಕು. ಬೇರೆ ಹೊತ್ತಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಜನವರಿಯ ಆ ಶನಿವಾರ ಬೆಳಗಿನಿಂದ ಒಲೆಯೊಳಗಿಟ್ಟು ಬೇಯಿಸಿದ ಬೀನ್ಸ್ ಕಾಳಿನ ಮಡಕೆಯನ್ನು ಮೇಜಿನ ಮೇಲಿಟ್ಟಿದ್ದೆ. ಇನ್ನೂ ಮುಚ್ಚಳ ತೆಗೆದಿರಲಿಲ್ಲ, ನನ್ನ ಗಂಡ ವೆಂಡೆಲ್ ಬಾಯಿ ತೆಗೆದ.

"ಈ ಸಲ ಊರ ಸಭೇಲಿ ಶಾಲೆ ಬಜೆಟ್‌ನಲ್ಲಿ ಕಾಲು ಭಾಗ ಕಡಿತ ಮಾಡಿಸ್ತೀವಿ. ನಾನೂ ಮೆರಿಲ್ಲೂ ಮಾತಾಡಿಯಾಯ್ತು."

ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಸೊಸೆ ಟೆಸ್ ಚಾಕುವನ್ನು ಹಾಗೇ ಕೆಳಗಿಟ್ಟಳು.

"ಕಾಲು ಭಾಗನಾ? ಮಾವ, ಹಾಗಾದ್ರೆ ಮೊದಲು ಹೋಗೋದು ಓಡೆಲ್ ಟೀಚರ್ ಕೆಲಸ. ಆಮೇಲೆ ನಾಲ್ಕನೇ ಕ್ಲಾಸಿಂದ ಮೇಲಿನ ಮಕ್ಕಳೆಲ್ಲ ಬಸ್ ಹತ್ತಿ ಗುಡ್ಡದಾಚೆ ಶಾಲೆಗೆ ಹೋಗ್ಬೇಕು. ಸೆಪ್ಟೆಂಬರ್‌ಗೆ ನಮ್ಮ ವಿನ್ನಿ ನಾಲ್ಕನೇ ಕ್ಲಾಸು. ಗೊತ್ತಲ್ವಾ ನಿಮಗೆ?"

"ಹೋಗ್ಲಿ ಬಿಡು. ಬಸ್ಸೇನು ಹುಲಿನಾ?"

"ಚಳಿಗಾಲದಲ್ಲಿ ಆ ಗುಡ್ಡದ ರಸ್ತೆ ಹುಲಿಗಿಂತ ಕಡೆ. ಅಲ್ಲಿ ಹಿಮ ತಳ್ಳೋ ಲಾರಿ ಓಡಿಸೋದು ನಿಮ್ಮ ಮಗ. ಅವನನ್ನೇ ಕೇಳಿ."

ಮಗ ಡ್ವೈಟ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ನನ್ನನ್ನ ಮಧ್ಯಕ್ಕೆ ಎಳೀಬೇಡ್ರಪ್ಪ. ಆ ಬೀನ್ಸ್ ಈ ಕಡೆ ಕೊಡಿ" ಎಂದ.

ವೆಂಡೆಲ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಅವನನ್ನು ಚೆನ್ನಾಗಿ ಬೈಯುವವಳಿದ್ದೇನೆ. ಮನೆ ಅವನ ಹೆಸರಿನಲ್ಲಿದೆ, ತೆರಿಗೆ ಅವನೇ ಕಟ್ಟಬೇಕು. ನಮ್ಮ ನ್ಯೂ ಹ್ಯಾಂಪ್‌ಶೈರಿನಲ್ಲಿ ಶಾಲೆ ನಡೆಯುವುದು ಹೆಚ್ಚುಪಾಲು ಮನೆ ತೆರಿಗೆಯ ದುಡ್ಡಿನಿಂದಲೇ. ಮರದ ಮಿಲ್ಲಿನಲ್ಲಿ ಮೈ ಮುರಿದು ದುಡಿದು ನಿವೃತ್ತನಾದ ಮನುಷ್ಯ, ಎರಡು ವರ್ಷದ ಹಿಂದೆ ಆ ತೆರಿಗೆ ಕಟ್ಟುವುದಕ್ಕೆಂದೇ ಹಿತ್ತಲ ಕಾಡಿನ ಒಂದು ಪಟ್ಟಿಯನ್ನು ಮಾರಿದ. ಕೊಂಡವನು ಮರಗಳನ್ನು ಕಡಿಸಿದ ದಿನ ಇವನು ಮನೆಯಿಂದ ಆಚೆಗೇ ಬರಲಿಲ್ಲ. ಅದೆಲ್ಲ ನನಗೆ ಗೊತ್ತು. ಆದರೆ ಸೊಸೆಯನ್ನೂ ಒಂದು ಮಾತು ಕೇಳದೆ ತನ್ನ ಗೆಳೆಯ ಮೆರಿಲ್ ಜೊತೆ, ಅದೂ ಊರವರು ಕಸ ಹಾಕಲು ಹೋಗುವ ಯಾರ್ಡಿನ ಬಾಗಿಲಲ್ಲಿ ನಿಂತು, ಮೊಮ್ಮಗಳ ಹಣೆಬರಹ ಬರೆದು ಬಂದರೆ ಯಾರಿಗೆ ಮೈ ಉರಿಯುವುದಿಲ್ಲ?

"ಆ ಓಡೆಲ್ ಟೀಚರ್ ದಿನಾ ಅರ್ಧ ಗಂಟೆ ಪಕ್ಕ ಕೂರಿಸ್ಕೊಂಡು ಹೇಳಿಕೊಟ್ಟಿದ್ದಕ್ಕೇ ವಿನ್ನಿಗೆ ಓದೋಕೆ ಬಂದಿದ್ದು" ಎಂದೆ ನಾನು. "ಹೋದ ವರ್ಷ ತನ್ನ ಹೆಸರು ಬಿಟ್ಟು ಒಂದಕ್ಷರ ಓದ್ತಿರಲಿಲ್ಲ ಮಗು. ಮರೆತುಬಿಟ್ಯಾ?"

"ಈಗ ಬಂತಲ್ಲ. ಇನ್ನೇನು?"

"ಇನ್ನೇನು ಅಂತೀಯಲ್ಲ! ಊರಲ್ಲಿ ಬೇರೆ ಮಕ್ಕಳು ಹುಟ್ಟೋದು ನಿಂತುಹೋಯ್ತಾ?"

ವೆಂಡೆಲ್ ಬೀನ್ಸಿಗೆ ಸಾಸಿವೆ ಸಾಸ್ ಹಾಕಿಕೊಂಡ. ಅವನ ಪ್ರಕಾರ ಮಾತು ಅಲ್ಲಿಗೆ ಮುಗಿದಿತ್ತು.

ಟೆಸ್ ಪ್ರಕಾರ ಆಗ ತಾನೇ ಶುರುವಾಗಿತ್ತು. ಮರುದಿನ ಅವಳು ಎರಡು ಫೋನ್ ಮಾಡಿದಳು. ಅದರ ಮುಂದಿನ ವಾರ ನಮ್ಮ ಅಡುಗೆಮನೆಯಲ್ಲಿ ಆರು ಜನ ತಾಯಂದಿರು, ಮೂವರು ತಂದೆಯರು, ಲೆಕ್ಕವಿಲ್ಲದಷ್ಟು ಒದ್ದೆ ಬೂಟುಗಳು. ಅಬ್ಬಬ್ಬಾ, ಎಂಥ ಸಂಭ್ರಮ ಅಂತೀರಿ! ಊಟದ ಮೇಜಿನ ಮೇಲೆ ಉದ್ದಕ್ಕೆ ರಟ್ಟು ಹಾಸಿ 'ನಮ್ಮ ಶಾಲೆ ಉಳಿಸಿ' ಎಂದು ಬಣ್ಣ ಬಳಿದರು. ಮಕ್ಕಳು ಮೆಟ್ಟಿಲ ಮೇಲೆ ಹತ್ತಿ ಇಳಿದು ಕುಣಿದರು. ನಾನು ಬಾಣಲೆ ತುಂಬ ಡೋನಟ್ ಕರಿದು ಕರಿದು ಹಾಕಿದೆ. ಮನೆಯಲ್ಲಿ ಅಷ್ಟು ಗದ್ದಲ ಕೇಳಿ ಎಷ್ಟು ಕಾಲವಾಗಿತ್ತೋ. ಸಿಟ್ಟೆಲ್ಲ ಒಂದು ಕಡೆಗಿರಲಿ, ನನಗಂತೂ ಖುಷಿಯೋ ಖುಷಿ.

ವೆಂಡೆಲ್ ಊಟಕ್ಕೆ ಬಂದು ನಿಂತ. ಮೇಜಿನ ಮೇಲೆ ತಟ್ಟೆ ಇಡಲು ಅಂಗೈಯಗಲ ಜಾಗವಿಲ್ಲ.

"ನಾನೆಲ್ಲಿ ಕೂತು ತಿನ್ಲಿ?"

"ಆ ಸೌದೆ ಪೆಟ್ಟಿಗೆ ಮೇಲೆ ಕೂತ್ಕೋ" ಎಂದೆ.

"ನನ್ನ ಮನೇಲಿ ನಾನು ಸೌದೆ ಪೆಟ್ಟಿಗೆ ಮೇಲಾ?"

"ಕಾಲು ಭಾಗ ಕಡಿತ ಆಗಿದೆ, ಮಾವ" ಎಂದಳು ಟೆಸ್, ಕುಂಚದಿಂದ ಕಣ್ಣೆತ್ತದೆ. "ನಿಮ್ಮ ಜಾಗದಲ್ಲೇ ಶುರು ಮಾಡಿದೀವಿ."

ಅಡುಗೆಮನೆಯೆಲ್ಲ ಘೊಳ್ಳೆಂದು ನಕ್ಕಿತು. ವೆಂಡೆಲ್ ಮುಖ ಊದಿಸಿಕೊಂಡು ಪೆಟ್ಟಿಗೆಯ ಮೇಲೆ ಕೂತ. ಸೂಪನ್ನು ಎರಡು ಸಲ ಹಾಕಿಸಿಕೊಂಡ, ಅದು ಬೇರೆ ಮಾತು.

ಫೆಬ್ರವರಿಯೆಲ್ಲ ಹೀಗೇ ಹೋಯಿತು. ಟೆಸ್ ಆಸ್ಪತ್ರೆಯ ಕೆಲಸ ಮುಗಿಸಿ ಬಂದವಳು ಕೋಟು ಬಿಚ್ಚದೆ ಎರಡು ತುತ್ತು ತಿಂದು ಮನೆಮನೆ ಸುತ್ತುತ್ತಿದ್ದಳು. ಪಾತ್ರೆ ತೊಳೆಯುವುದು ಡ್ವೈಟ್‌ನ ಪಾಲಿಗೆ ಬಂತು. ಅವನು ಲೋಟಗಳಿಗೆ ಸೋಪು ಹಾಗೇ ಬಿಡುತ್ತಿದ್ದ. ವೆಂಡೆಲ್‌ನ ಕಾಫಿಯಲ್ಲಿ ನೊರೆ ಬಂದ ದಿನ ಮತ್ತೊಂದು ಯುದ್ಧ.

"ಹೆಂಡತಿ ಊರು ಉದ್ಧಾರ ಮಾಡೋಕೆ ಹೋದ್ರೆ ಗಂಡನ ಗತಿ ಇದೇ" ಎಂದ ವೆಂಡೆಲ್.

"ಅಪ್ಪ, ನಿಂಗೂ ಎರಡು ಕೈ ಇದೆ. ಸೋಪೂ ಅಲ್ಲೇ ಇದೆ" ಎಂದ ಡ್ವೈಟ್. ಅಷ್ಟು ಮಾತಾಡಿದ್ದು ಅವನಿಗೆ ಆ ವಾರಕ್ಕೆ ಸಾಕಾಯಿತು.

ಇನ್ನೊಂದು ಬೆಳಿಗ್ಗೆ ವಿನ್ನಿ ಪ್ಯಾನ್‌ಕೇಕ್ ಹಿಟ್ಟಿನ ಪೊಟ್ಟಣವನ್ನು ಅಜ್ಜನ ಎದುರು ಇಟ್ಟುಕೊಂಡು ಬೆರಳಿಟ್ಟು ಓದಿದಳು. ಎರಡು ಮೊಟ್ಟೆ, ಒಂದು ಲೋಟ ಹಾಲು, ಗಂಟಿಲ್ಲದ ಹಾಗೆ ಕದಡಿ. 'ಕದಡಿ' ಹತ್ತಿರ ತಡವರಿಸಿದಳು, ಆಮೇಲೆ ತಾನೇ ದಾಟಿದಳು. ವೆಂಡೆಲ್‌ನ ಮುಖ ನೋಡಬೇಕಿತ್ತು! ಕಣ್ಣಲ್ಲಿ ನೀರೇ ಬಂದಿತ್ತು ಮುದುಕನಿಗೆ. ಪತ್ರಿಕೆಯಲ್ಲಿನ ಹವಾಮಾನವನ್ನೂ ಓದಿಸಿ ಅವಳಿಗೆ ತನ್ನ ತಟ್ಟೆಯ ಪ್ಯಾನ್‌ಕೇಕ್ ಕೊಟ್ಟ.

"ಅಜ್ಜ, ನೀನು ಓಡೆಲ್ ಟೀಚರ್‌ನ ಓಡಿಸ್ತಿದ್ದೀಯಂತೆ ಹೌದಾ?"

"ಯಾರೇ ಹೇಳಿದ್ದು?"

"ಎಲ್ಲಾರೂ."

ವೆಂಡೆಲ್ ನನ್ನ ಕಡೆ ನೋಡಿದ. ನಾನು ಪ್ಯಾನ್‌ಕೇಕ್ ತಿರುವಿ ಹಾಕಿದೆ. ನೋಡಲಿ, ಚೆನ್ನಾಗಿ ನೋಡಲಿ ಅಂದುಕೊಂಡೆ. ಅವನು ಕೋಟು ಹಾಕಿಕೊಂಡು ಮೆರಿಲ್‌ನ ಮನೆ ಕಡೆ ಹೊರಟುಹೋದ.

ಅಲ್ಲಿಂದ ಮುಂದೆ ಅವನು ಬಜೆಟ್ಟಿನ ಮಾತೇ ಎತ್ತಲಿಲ್ಲ. ಟೆಸ್ ಕೆಣಕಿದರೂ "ಸಭೇಲಿ ನೋಡೋಣ" ಅಷ್ಟೇ. ನನಗೆ ಒಳಗೊಳಗೇ ಆಸೆ ಹುಟ್ಟಿತು. ಮಗು ಓದಿದ್ದು ಇವನ ಎದೆಗೆ ತಾಕಿದೆ, ಬಾಯಿಬಿಟ್ಟು ಒಪ್ಪಿಕೊಳ್ಳಲು ಜಂಬ ಬಿಡುತ್ತಿಲ್ಲ ಅಂದುಕೊಂಡೆ. ಟೆಸ್‌ಗೂ ಹಾಗೇ ಹೇಳಿದೆ.

"ಅತ್ತೆ, ಮಾವ ನಮ್ಮ ಕಡೆ ಬಂದ್ರೆ ನಾನು ಎಲ್ಲಾರ ಮುಂದೆ ಕುಣೀತೀನಿ" ಎಂದಳು.

ಮಾರ್ಚಿನ ಸಭೆಯ ದಿನ ಬಂತು. ನಮ್ಮೂರು ಎಲ್ಡರ್‌ಬ್ರೂಕ್‌ನಲ್ಲಿ ವರ್ಷಕ್ಕೊಮ್ಮೆ ಮತದಾರರೆಲ್ಲ ಶಾಲೆಯ ಆಟದ ಹಾಲಿನಲ್ಲಿ ಸೇರಿ, ಶಾಲೆಗೆಷ್ಟು, ರಸ್ತೆಗೆಷ್ಟು, ಗ್ರಂಥಾಲಯಕ್ಕೆಷ್ಟು ಎಂದು ಕಾರ್ಡು ಎತ್ತಿ ತೀರ್ಮಾನಿಸುತ್ತಾರೆ. ಬಾಗಿಲಲ್ಲಿ ಹೆಸರು ನೋಡಿ ಒಬ್ಬೊಬ್ಬರಿಗೂ ಒಂದೊಂದು ಹಳದಿ ಕಾರ್ಡು ಕೊಡುತ್ತಾರೆ. ಹಾಲಿನ ಪಕ್ಕದಲ್ಲೇ ಅಡುಗೆಮನೆ. ನಲವತ್ತು ವರ್ಷದಿಂದ ಸಭೆಯ ದಿನದ ಊಟ ನಮ್ಮ ಹೆಂಗಸರ ತಂಡದ್ದು. ಹ್ಯಾಮ್, ಬೀನ್ಸ್, ಎಲೆಕೋಸಿನ ಸಲಾಡ್, ತರಹೇವಾರಿ ಪೈ. ನಾವು ಕಾರ್ಡನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು, ಊಟ ಬಡಿಸುವ ಕಿಟಕಿಯಿಂದಲೇ ಬೇಕೆನಿಸಿದಾಗ ಎತ್ತುತ್ತೇವೆ. ಮಾತಾಡಿದ್ದು ಮಾತ್ರ ಇಲ್ಲ. ಮಾತಾಡುತ್ತ ನಿಂತರೆ ಬೀನ್ಸು ತಳ ಹಿಡಿಯುವುದಿಲ್ಲವೇ?

ಆ ದಿನ ಸಭೆ ಕಿಕ್ಕಿರಿದಿತ್ತು. ಟೆಸ್ ಮತ್ತವಳ ಗೆಳತಿಯರು ಒಬ್ಬರನ್ನೂ ಬಿಡದೆ ಎಳೆದು ತಂದಿದ್ದರು. ಕೈಗೂಸುಗಳು, ಊರುಗೋಲಿನವರು, ಮನೆಯಿಂದ ಹೊರಗೇ ಬಾರದ ಹೊಸ ಸಂಸಾರಗಳು, ಎಲ್ಲರೂ. ಮೆರಿಲ್ ಎದ್ದು ಕಾಲು ಭಾಗ ಕಡಿತ ಎಂದ. ತೆರಿಗೆಯ ಕಷ್ಟ ಚೆನ್ನಾಗಿಯೇ ಹೇಳಿದ, ಇಲ್ಲವೆನ್ನುವುದಿಲ್ಲ. ಟೆಸ್ ಎದ್ದಳು. 

"ನಂಗೂ ತೆರಿಗೆ ಹೊರೆಯೇ. ಆದ್ರೆ ಬೆಳಗಾಗೋ ಮೊದಲೇ ಎಂಟೊಂಬತ್ತು ವರ್ಷದ ಮಕ್ಕಳನ್ನ ಆ ಗುಡ್ಡದ ಮೇಲೆ ಕಳಿಸಿ ಉಳಿಸೋ ದುಡ್ಡು ನಂಗೆ ಬೇಡ. ಅಷ್ಟೆ."

ಕಡಿತದ ಸೂಚನೆ ಬಿದ್ದುಹೋಯಿತು. ವೆಂಡೆಲ್ ಅದಕ್ಕೆ ಕಾರ್ಡು ಎತ್ತಲಿಲ್ಲ. ನಾನು ಕಿಟಕಿಯಿಂದ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ, ಅವನ ಕೈ ಜೇಬಿನಲ್ಲೇ ಇತ್ತು! ಪಕ್ಕದಲ್ಲಿ ಹ್ಯಾಮ್ ಕತ್ತರಿಸುತ್ತಿದ್ದ ನನ್ನ ಗೆಳತಿ ಲೂಯಿಸಳನ್ನು ತಿವಿದೆ.

ಆಮೇಲೆ ಅಧ್ಯಕ್ಷ ಲೈಮನ್, "ಶಾಲೆಯ ಪೂರ್ತಿ ಬಜೆಟ್‌ಗೆ ಒಪ್ಪಿಗೆ ಇರೋರು ಕಾರ್ಡ್ ಎತ್ತಿ" ಎಂದ.

ಸಭೆಯೆಲ್ಲ ಹಳದಿ. ಆ ಹಳದಿಯ ನಡುವೆ ನನ್ನ ಗಂಡನ ಕೈ ಮೇಲೆದ್ದಿತು.

"ಲೂಯಿಸ್! ನೋಡೇ! ವೆಂಡೆಲ್!"

"ನಿನ್ನ ಗಂಡನಿಗೆ ಜ್ವರ ಗಿರ ಬಂದಿದೆಯೇನೇ?"

ಟೆಸ್ ಅದನ್ನು ಕಂಡಳು. ಕುರ್ಚಿಗಳ ಸಾಲು ದಾಟಿ, ಯಾರದೋ ಕಾಲು ತುಳಿದು ಓಡಿ ಬಂದು ಮಾವನನ್ನು ಬಿಗಿಯಾಗಿ ತಬ್ಬಿಕೊಂಡಳು. ಕೆನ್ನೆಗೆ ಮುತ್ತಿಟ್ಟಳು. ಅಳುತ್ತಿದ್ದಳು ಹುಡುಗಿ. ಜನ ಚಪ್ಪಾಳೆ ತಟ್ಟಿದರು. ವೆಂಡೆಲ್ ಮರದ ಹಾಗೆ ನಿಂತಿದ್ದ. ನಾಚಿಕೆ ಪಾಪ, ಅಂದುಕೊಂಡೆ ನಾನು, ಪೆದ್ದಿ. ಊಟಕ್ಕೆ ಬಂದಾಗ ಸೇಬಿನ ಪೈಯಲ್ಲಿ ಎಲ್ಲಕ್ಕಿಂತ ದೊಡ್ಡ ತುಂಡು ಕತ್ತರಿಸಿ ಅವನ ತಟ್ಟೆಗೆ ಹಾಕಿದೆ.

"ಇದೆಲ್ಲ ಯಾಕೆ" ಎಂದು ಗೊಣಗಿದ.

"ತಿನ್ನು ಸುಮ್ಮನೆ. ಇವತ್ತು ನಿನ್ನ ನೋಡಿದ್ರೆ ಮುದ್ದು ಬರ್ತಿದೆ."

ಅವನು ಪೈಯನ್ನು ಅರ್ಧ ಬಿಟ್ಟ. ನಲವತ್ತು ವರ್ಷದಲ್ಲಿ ಮೊದಲ ಸಲ. ಆಗಲಾದರೂ ನನ್ನ ತಲೆಗೆ ಹೊಳೆಯಬೇಡವೇ?

ಹೊರಗೆ ಬಿಸಿಲು ಜೋರಾಗಿ ಬಂದಿತ್ತು. ರಾತ್ರಿ ಗಡ್ಡೆ ಕಟ್ಟಿದ ಚಳಿ, ಹಗಲು ಇಂಥ ಬಿಸಿಲು. ಮೇಪಲ್ ಮರಗಳಿಂದ ರಸ ಧಾರಾಕಾರ ಇಳಿಯುವುದೇ ಇಂಥ ದಿನ. ಊರಿನಲ್ಲಿ ಅರ್ಧಕ್ಕರ್ಧ ಜನರಿಗೆ ರಸ ಕಾಯಿಸಿ ಸಿರಪ್ ಮಾಡುವ ಗುಡಿಸಲಿದೆ. "ಬಕೆಟ್ ತುಂಬಿ ಚೆಲ್ತಿದೆ" ಎಂದು ಯಾರೋ ಬಾಗಿಲಲ್ಲಿ ಕೂಗಿದ್ದೇ ತಡ, ಚಿಕ್ಕ ವಯಸ್ಸಿನವರೆಲ್ಲ ಮಕ್ಕಳನ್ನು ಬಗಲಿಗೆ ಹಾಕಿಕೊಂಡು ಹೊರಟರು. ಗೆದ್ದಾಯಿತು, ಇನ್ನು ತೀರ್ಮಾನಕ್ಕೆ ಉಳಿದಿರುವುದು ರಸ್ತೆಯ ಲಾರಿ, ಸ್ಮಶಾನದ ಬೇಲಿ. ಡ್ವೈಟ್, ಟೆಸ್, ವಿನ್ನಿ ಕೂಡ ಹೋದರು. ಟೆಸ್ ಹೋಗುವಾಗಲೂ ಕಿಟಕಿಗೆ ಬಂದು ನನ್ನ ಹಿಟ್ಟಿನ ಕೈ ಹಿಡಿದು ಎರಡು ಸುತ್ತು ಕುಣಿದೇ ಹೋದಳು.

ಮಧ್ಯಾಹ್ನ ನಾವು ಪಾತ್ರೆ ತೊಳೆಯುತ್ತಿದ್ದೆವು. ಹಾಲಿನಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು. ಉಳಿದವರೆಲ್ಲ ನಮ್ಮ ವಯಸ್ಸಿನವರು, ಮೆರಿಲ್‌ನ ಸುತ್ತ ಗುಂಪಾಗಿ ಕೂತವರು. ಸ್ಮಶಾನದ ಬೇಲಿ ಮುಗಿಯಿತು. ಆಗ ನನ್ನ ಗಂಡನ ದನಿ ಕೇಳಿತು.

"ಅಧ್ಯಕ್ಷರೇ, ಶಾಲೆಯ ಬಜೆಟ್ಟನ್ನ ಮರುಪರಿಶೀಲನೆಗೆ ತಗೋಬೇಕು ಅಂತ ನನ್ನ ಸೂಚನೆ. ನಾನು ಗೆದ್ದ ಕಡೆಗೆ ಮತ ಹಾಕಿದವನು."

ನನ್ನ ಕೈಯಿಂದ ಸೌಟು ಸಿಂಕಿಗೆ ಬಿತ್ತು.

ನಮ್ಮ ಸಭೆಯ ನಿಯಮ ಊರಿನಲ್ಲಿ ಎಲ್ಲರಿಗೂ ಗೊತ್ತು. ತೀರ್ಮಾನವಾದದ್ದನ್ನು ಅದೇ ದಿನ ಮತ್ತೆ ತೆರೆಯಬಹುದು. ಆದರೆ ಅದನ್ನು ಕೇಳುವ ಹಕ್ಕು ಗೆದ್ದ ಕಡೆಯವರಿಗೆ ಮಾತ್ರ. ಸೋತವರು ಕೇಳುವಂತಿಲ್ಲ. ಅದಕ್ಕೇ ಕೈ ಎತ್ತಿದ್ದ ಕಳ್ಳ! ಬೆಳಿಗ್ಗೆ ಸೋಲುತ್ತೇವೆ, ಮಧ್ಯಾಹ್ನ ಬಿಸಿಲು ಬಂದರೆ ಸಭೆ ಖಾಲಿಯಾಗುತ್ತದೆ ಎಂದು ಮೆರಿಲ್ ಜೊತೆ ಕೂತು ಲೆಕ್ಕ ಹಾಕಿಯೇ ಎತ್ತಿದ್ದ. ಗೆದ್ದ ಕೂಡಲೇ 'ಇದನ್ನು ಇನ್ನು ತೆರೆಯುವಂತಿಲ್ಲ' ಎಂದು ಬೀಗ ಹಾಕಿಸುವ ಸೂಚನೆಯೂ ಒಂದಿದೆ. ಟೆಸ್ ಅದನ್ನು ಮಂಡಿಸಲೆಂದೇ ಮುಂದಿನ ಸಾಲಿನಲ್ಲಿ ಕೂತಿದ್ದಳು. ಮಾವನ ಕೈ ಮೇಲೆದ್ದದ್ದು ಕಂಡು ಖುಷಿಯಲ್ಲಿ ಎಲ್ಲ ಮರೆತು ಅವನನ್ನು ತಬ್ಬಿಕೊಳ್ಳಲು ಓಡಿದಳು.

ನಾನು ಕೈ ಒರೆಸಿಕೊಳ್ಳದೆಯೇ ಹಾಲಿಗೆ ನುಗ್ಗಿದೆ.

"ವೆಂಡೆಲ್!"

"ಆರ್ಲೀನ್, ಸಭೆ ನಡೀತಿದೆ" ಎಂದ ಅವನು, ನನ್ನ ಕಡೆ ನೋಡದೆ.

"ಆ ಮಗು ನಿನ್ನ ತಬ್ಬಿಕೊಂಡು ಅತ್ತಾಗ ಮರದ ಕೊರಡಿನ ಹಾಗೆ ನಿಂತಿದ್ಯಲ್ಲ! ನಾನು ನಿಂಗೆ ಪೈ ಬೇರೆ ಕೊಟ್ಟೆ!"

"ನಾನು ಸುಳ್ಳು ಹೇಳಿಲ್ಲ. ನಿಯಮದ ಪ್ರಕಾರ ಕಾರ್ಡ್ ಎತ್ತಿದೆ, ಅಷ್ಟೆ."

"ಅವಳಿಗೆ ಹೀಗೇ ಹೇಳ್ತೀಯಾ? ಅವಳ ಮುಖ ನೋಡ್ಕೊಂಡು?"

ಲೈಮನ್ ಸುತ್ತಿಗೆ ಬಡಿದ. "ಆರ್ಲೀನ್, ಮಾತಾಡೋದಿದ್ರೆ ಮೈಕಿಗೆ ಬಂದು ಮಾತಾಡಿ. ಬೈಯೋದಿದ್ರೆ ಮನೇಲಿ ಬೈಕೊಳ್ಳಿ."

"ಚರ್ಚೆ ಸಾಕು, ಮತಕ್ಕೆ ಹಾಕಿ!" ಎಂದು ಮೆರಿಲ್ ಕೂಗಿದ. ಹೋದವರು ತಿರುಗಿ ಬಂದುಬಿಟ್ಟಾರೆಂದು ಅವನಿಗೆ ಆತುರ. ಕಿಟಕಿಯಾಚೆ ರಸ್ತೆ ಕಾಣುತ್ತಿತ್ತಲ್ಲ.

ಲೈಮನ್ ಕನ್ನಡಕ ಸರಿಮಾಡಿಕೊಂಡ. ಆ ಮನುಷ್ಯ ಯಾರ ಕಡೆಯವನೂ ಅಲ್ಲ, ಪದ್ಧತಿಯ ಕಡೆಯವನು. "ಈ ಸಭೇಲಿ ಇನ್ನೂ ಒಂದು ಸಲಾನೂ ಮಾತಾಡದೇ ಇರೋರು ಯಾರಾದ್ರೂ ಮಾತಾಡ್ತೀನಿ ಅಂದ್ರೆ, ಅವರದ್ದು ಮುಗಿಯೋವರೆಗೂ ಚರ್ಚೆ ಮುಚ್ಚೋ ಹಾಗಿಲ್ಲ. ಇಲ್ಲಿನ ಪದ್ಧತಿ ಅದು. ಅಂಥೋರು ಇದ್ದೀರಾ?"

ನಾನು ಹಿಂತಿರುಗಿ ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ ನಮ್ಮ ತಂಡ ಪೂರ್ತಿ ನಿಂತಿತ್ತು. ಒದ್ದೆ ಏಪ್ರನ್ನು, ಕೆಂಪು ಕೈ, ಜೇಬಿನಲ್ಲಿ ಹಳದಿ ಕಾರ್ಡು. ನಲವತ್ತು ವರ್ಷದಿಂದ ಒಂದು ಮಾತಾಡದವರು! ಲೂಯಿಸ್ ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದಳು. "ಟೆಸ್, ಬಿಟ್ಟು ಬಾ! ಎಲ್ಲಾರನ್ನೂ ಕರ್ಕೊಂಡು ಬಾ! ಬೂಟು ಗೀಟು ನೋಡ್ಬೇಡ!"

"ಇದ್ದೀವಿ, ಅಧ್ಯಕ್ಷರೇ" ಎಂದೆ. "ಸಾಲಾಗಿ ಬರ್ತೀವಿ."

ಮೊದಲು ನಾನೇ ಮೈಕು ಹಿಡಿದೆ. ಏನು ಹೇಳಿದೆನೋ ಅರ್ಧ ನೆನಪಿಲ್ಲ. ಒಳಗೆ ಎಂಥದೋ ಉಲ್ಲಾಸ. ವಿನ್ನಿ ಪೊಟ್ಟಣ ಓದಿದ್ದು ಹೇಳಿದೆ. ಅಜ್ಜ ಕಣ್ಣು ಒರೆಸಿಕೊಂಡದ್ದನ್ನೂ ಹೇಳಿದೆ, ಯಾಕೆ ಬಿಡಲಿ? ವೆಂಡೆಲ್ ನೆಲ ನೋಡುತ್ತಿದ್ದ.

ಆಮೇಲೆ ನಮ್ಮ ತಂಡದ ಐರಿಸ್ ಬಂದಳು. ಅವಳು ಇದೇ ಶಾಲೆಯಲ್ಲಿ ಓದಿದ ಕಾಲದ ಒಲೆ, ಆ ಒಲೆಯ ಹೊಗೆ, ಆ ಹೊಗೆಗೆ ಕೆಮ್ಮಿದ ಮಕ್ಕಳು, ಒಬ್ಬೊಬ್ಬರ ಹೆಸರು, ಎಲ್ಲ ಹೇಳುತ್ತ ಹೋದಳು.

"ಇದು ಬಜೆಟ್ ವಿಷಯ ಅಲ್ಲ!" ಎಂದ ಮೆರಿಲ್.

"ಕೆಮ್ಮಿದೋರಲ್ಲಿ ನೀನೂ ಒಬ್ಬ, ಮೆರಿಲ್" ಎಂದಳು ಐರಿಸ್. "ಈಗ ನಿನ್ನ ಹತ್ರಾನೇ ಬರ್ತಿದ್ದೆ."

ಸಭೆಯೆಲ್ಲ ನಕ್ಕಿತು, ಮೆರಿಲ್ ಗುಂಪಿನವರೂ ನಕ್ಕರು. ಲೈಮನ್ ಸುತ್ತಿಗೆಯನ್ನು ಎತ್ತಿ ಹಾಗೇ ಇಳಿಸಿದ. ಮೂರನೆಯವಳು ಮಕ್ಕಳಿಗೆ ಬಡಿಸುವ ಸೂಪಿನ ಬಗ್ಗೆ ಶುರುಮಾಡಿ, ಈರುಳ್ಳಿ ಎಷ್ಟು ಹುರಿಯಬೇಕು ಎಂಬಲ್ಲಿಗೆ ಬಂದಳು. ನಾಲ್ಕನೆಯವಳು ಸುಮ್ಮನೆ ಮೈಕು ಹಿಡಿದು ಅತ್ತಳು, ಪಾಪ, ಅವಳ ಮೊಮ್ಮಗನೂ ಓಡೆಲ್ ಟೀಚರ್ ಹತ್ತಿರವೇ ಹೋಗುತ್ತಿದ್ದ. ಕಡೆಯದಾಗಿ ಲೂಯಿಸ್. ಅವಳು ಪೈಯ ಕಣಕದಿಂದ ಆರಂಭಿಸಿದಳು. ಹಿಟ್ಟು ತಣ್ಣಗಿರಬೇಕು, ಬೆಣ್ಣೆ ತಣ್ಣಗಿರಬೇಕು, ಆತುರ ಮಾಡಿದರೆ ಕೆಟ್ಟುಹೋಗುತ್ತದೆ.

"ಮೇಡಂ, ಬಜೆಟ್ ಕಡೆ ಬನ್ನಿ" ಎಂದ ಲೈಮನ್.

"ಬರ್ತಿದ್ದೀನಿ, ಅಧ್ಯಕ್ಷರೇ. ಹಿಟ್ಟು ನಾದಿ ಅರ್ಧ ಗಂಟೆ ಬಿಡ್ಬೇಕು, ಆಮೇಲೇ ಬಜೆಟ್."

ಹೊರಗೆ ಟೈರುಗಳ ಸದ್ದು. ಒಂದು ಪಿಕಪ್ಪು, ಇನ್ನೊಂದು, ಮತ್ತೊಂದು. ದೇವರೇ, ಆ ಸದ್ದು ಕೇಳಿ ನನಗಾದ ಖುಷಿಯನ್ನು ಹೇಗೆ ಹೇಳಲಿ! ಬಾಗಿಲು ದಡಾರನೆ ತೆರೆಯಿತು. ಮೊಣಕಾಲಿನವರೆಗೆ ಕೆಸರು, ಮೈಯೆಲ್ಲ ಹೊಗೆಯ ವಾಸನೆ, ಒಬ್ಬರ ಹಿಂದೊಬ್ಬರು ಒಳಗೆ ಬಂದರು. ಡ್ವೈಟ್‌ನ ಕೈಯಲ್ಲಿ ರಸದ ನೊರೆ ತೆಗೆಯುವ ಜಾಲರಿ ಸೌಟು ಹಾಗೇ ಇತ್ತು.

ವೆಂಡೆಲ್ ಗಾಬರಿಯಾದ. "ಒಲೆ ಮೇಲೆ ರಸ ಇತ್ತಲ್ಲೋ! ಯಾರ ಕೈಲಿ ಬಿಟ್ಟು ಬಂದೆ?"

"ಯಾರ ಕೈಲೂ ಇಲ್ಲ. ಒಲೆಯಿಂದ ಸೌದೆ ಎಳೆದು ಹಾಕಿ ಬಂದೆ. ಸುಟ್ಟರೆ ಸುಡ್ಲಿ, ಅಪ್ಪ."

ಟೆಸ್ ಓಡಿ ಬಂದವಳು ಮಾವನ ಎದುರು ನಿಂತಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಹೌದಾ, ಮಾವ? ಬೆಳಿಗ್ಗೆ ಎತ್ತಿದ್ದು ಇದಕ್ಕಾ?"

ವೆಂಡೆಲ್ ಬಾಯಿ ತೆರೆದ. 'ನಿಯಮದ ಪ್ರಕಾರ' ಎಂದು ಇನ್ನೊಮ್ಮೆ ಹೇಳುತ್ತಾನೆ ಅಂದುಕೊಂಡೆ. ಹೇಳಲಿಲ್ಲ. "ಹೂಂ" ಎಂದ, ಅಷ್ಟೇ.

ಲೂಯಿಸ್ ಮೈಕಿನಲ್ಲಿ, "ಇಷ್ಟೇ, ಅಧ್ಯಕ್ಷರೇ. ಕಣಕ ಆಯ್ತು" ಎಂದು ಇಳಿದಳು.

ಲೈಮನ್ ಸಭೆಯನ್ನು ಇಬ್ಭಾಗ ಮಾಡಿದ. ಬಜೆಟ್ಟನ್ನು ಮತ್ತೆ ತೆರೆಯಬೇಕೆನ್ನುವವರು ಗಡಿಯಾರದ ಗೋಡೆಗೆ, ಬೇಡವೆನ್ನುವವರು ಅಡುಗೆಮನೆಯ ಗೋಡೆಗೆ. ನಾನು ನನ್ನ ಗಂಡನ ಪಕ್ಕದಿಂದಲೇ ಹಾದು ಅಡುಗೆಮನೆಯ ಕಡೆಗೆ ನಡೆದೆ. ಅವನು ಗಡಿಯಾರದ ಕಡೆಗೆ ಹೋದ. ಮದುವೆಯಾದ ಮೇಲೆ ಒಂದೇ ಕೋಣೆಯಲ್ಲಿ ಅಷ್ಟು ದೂರ ನಿಂತದ್ದು ಅದೇ ಮೊದಲು. ಪೈ ಕೊಟ್ಟದ್ದಕ್ಕೆ ಇನ್ನೂ ಹೊಟ್ಟೆ ಉರಿಯುತ್ತಿತ್ತು, ಆದರೂ ಅವನ ಕೋಟಿನ ಕಾಲರು ಮಡಿಚಿಕೊಂಡಿದ್ದು ಕಣ್ಣಿಗೆ ಬಿತ್ತು. ಏನು ಹೆಣ್ಣು ಜನ್ಮವೋ.

ಎಣಿಸುವ ಅಗತ್ಯವೇ ಇರಲಿಲ್ಲ, ಆದರೂ ಲೈಮನ್ ಎಣಿಸಿದ. ನಮ್ಮ ಗೋಡೆಯ ಹತ್ತಿರ ನಿಲ್ಲಲು ಜಾಗವಿಲ್ಲದೆ ಕೆಲವರು ಅಡುಗೆಮನೆಯೊಳಗೇ ನಿಂತಿದ್ದರು.

"ಮರುಪರಿಶೀಲನೆಯ ಸೂಚನೆ ಬಿದ್ದಿದೆ. ಬಜೆಟ್ ಹಾಗೇ ಉಳೀತದೆ."

ಚಾವಣಿ ಹಾರಿಹೋಗುವ ಹಾಗೆ ಕೂಗು! ಮಕ್ಕಳು ಕಿರುಚಿದರು, ಲೂಯಿಸ್ ನನ್ನ ಮೇಲೆ ಬಿದ್ದು ಮುತ್ತಿಟ್ಟಳು, ಡ್ವೈಟ್ ಆ ಸೌಟಿನಿಂದ ಗೋಡೆ ಬಡಿದ. ನಾನು ಮಾತ್ರ ಎರಡನೆಯ ಸಲ ಮೋಸ ಹೋಗುವವಳಲ್ಲ. ಆ ಗದ್ದಲದಲ್ಲೇ ಕೈ ಎತ್ತಿದೆ.

"ಅಧ್ಯಕ್ಷರೇ! ಬೀಗ ಹಾಕಿ! ಇದನ್ನ ಇನ್ನು ತೆರೆಯೋ ಹಾಗಿಲ್ಲ ಅಂತ ನನ್ನ ಸೂಚನೆ!"

ಲೈಮನ್ ಸುತ್ತಿಗೆ ಬಡಿದು ಎಲ್ಲರನ್ನೂ ಸುಮ್ಮನಾಗಿಸಿದ. "ಸೂಚನೆ ಬಂದಿದೆ. ಅನುಮೋದನೆ?"

ನಮ್ಮವರು ಬಾಯಿ ತೆರೆಯುವಷ್ಟರಲ್ಲಿ, ಗಡಿಯಾರದ ಗೋಡೆಯ ಕಡೆಯಿಂದ ಬಂತು.

"ನನ್ನದು."

ವೆಂಡೆಲ್. ಒಂದು ಹೆಜ್ಜೆ ಮುಂದೆ ಬಂದು ನಿಂತಿದ್ದ. ಕಿವಿಯವರೆಗೂ ಕೆಂಪಾಗಿದ್ದ.

"ನಿನ್ನ ತಲೆ ಕೆಟ್ಟಿದೆಯೇನೋ?" ಎಂದ ಮೆರಿಲ್.

"ಬಜೆಟ್ ಜಾಸ್ತಿಯಾಯ್ತು ಅಂತ ಈಗ್ಲೂ ಹೇಳ್ತೀನಿ. ಬರೋ ವರ್ಷಾನೂ ಹೇಳ್ತೀನಿ" ಎಂದ ವೆಂಡೆಲ್. ಮೆರಿಲ್‌ಗೆ ಹೇಳಿದರೂ ನೋಡುತ್ತಿದ್ದುದು ಟೆಸ್‌ನ ಕಡೆ. "ಆದ್ರೆ ಎದ್ದು ನಿಂತು ಹೇಳ್ತೀನಿ. ಹೀಗೆ ಮಾಡಲ್ಲ."

ಟೆಸ್ ಹಾಲನ್ನು ದಾಟಿ ಅವನ ಹತ್ತಿರ ಹೋದಳು. ಬೆಳಗಿನ ಹಾಗೆ ಓಡಲಿಲ್ಲ. ತಬ್ಬಿಕೊಳ್ಳಲೂ ಇಲ್ಲ. ಕೈ ಕಟ್ಟಿಕೊಂಡು ಅವನ ಪಕ್ಕದಲ್ಲೇ ನಿಂತಳು.

"ಬೀಗ ಹಾಕಲು ಒಪ್ಪಿಗೆ ಇರೋರು?" ಎಂದ ಲೈಮನ್.

ವೆಂಡೆಲ್ ಕಾರ್ಡನ್ನು ಹೆಗಲ ಮಟ್ಟಕ್ಕೆ ಎತ್ತಿ ಹಿಡಿದ.

"ಕಾಣ್ತಿಲ್ಲ ಮಾವ" ಎಂದಳು ಟೆಸ್. "ಇನ್ನೂ ಮೇಲೆ."

ನನ್ನ ಗಂಡ ತೋಳನ್ನು ಪೂರ್ತಿ ಚಾಚಿ, ತುದಿಗಾಲಲ್ಲಿ ನಿಂತು ಎತ್ತಿದ.